ನಾನೂರು ಮೀಟರಿನ ಹಸಿವು

ರವಿಕುಮಾರ ಎರಡನೇ ಮುದ್ದೆ ಬೇಡವೆಂದ ಮೊದಲ ದಿನ ಚಲುವಮ್ಮ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಬಾಳೆಗೊನೆ ಇಳಿಸಿ ಬರುವಾಗ ನಂಜನಗೂಡಿನಲ್ಲಿ ಎಲ್ಲೋ ಬೋಂಡ ತಿಂದಿರಬೇಕು ಎಂದುಕೊಂಡಳು. ಮಾರನೆಯ ದಿನವೂ ಬೇಡವೆಂದ. ಎಂಟನೆಯ ದಿನ ಮೊದಲನೇ ಮುದ್ದೆಯನ್ನೇ ಅರ್ಧ ಮುರಿದು ತಟ್ಟೆಯ ಅಂಚಿಗೆ ಸರಿಸಿದಾಗ ಅವಳ ಕೈಲಿದ್ದ ಸೌಟು ಸಾರಿನ ಪಾತ್ರೆಯೊಳಗೇ ನಿಂತುಬಿಟ್ಟಿತು.

"ಏನ್ಲಾ ಇದು?"

"ಸಾಕು ಕಣವ್ವ."

"ಇಸುಕಿದ ಅವರೆಕಾಳಿನ ಸಾರು ಕಣ್ಲಾ. ಕಾಳು ಇಸುಕಿ ಇಸುಕಿ ಉಗುರೆಲ್ಲಾ ನೋಯ್ತಾವೆ ನಂಗೆ."

"ಚೆನ್ನಾಗೈತೆ. ಒಟ್ಟೆ ತುಂಬ್ತು, ಬುಡು."

ಚಲುವಮ್ಮ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹದಿನಾರು ವರ್ಷದಿಂದ ಮಕ್ಕಳಿಗೆ ಬಡಿಸಿ ಬಡಿಸಿ, ಯಾರ ಹೊಟ್ಟೆ ತುಂಬಿದೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲಳು. ಮೂವತ್ತೊಂದು ವರ್ಷದ ಮಗ ಸುಳ್ಳು ಹೇಳುತ್ತಿದ್ದ. ಅವಳ ತಮ್ಮನೊಬ್ಬ ಹೀಗೆಯೇ ಶುರುಮಾಡಿದ್ದ. ಮೊದಲು ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು, ಆಮೇಲೆ ಗಂಜಿ, ಆಮೇಲೆ ಅದೂ ಬೇಡವಾಯಿತು. ಆರು ತಿಂಗಳಿಗೆ ಅವನನ್ನು ಮಣ್ಣು ಮಾಡಿ ಬಂದಿದ್ದರು. ಕಾಯಿಲೆಯ ಹೆಸರು ಏನೆಂದು ಕೊನೆಗೂ ಮನೆಯವರಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಸೊಸೆ ರಂಜಿನಿಯನ್ನು ನೀರಿನ ತೊಟ್ಟಿಯ ಹತ್ತಿರ ಹಿಡಿದಳು. ರಂಜಿನಿ ತಿ. ನರಸೀಪುರದ ಹುಡುಗಿ. ನಂಜನಗೂಡಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ. ದಿನವೂ ಗಂಡನ ಪಿಕಪ್ಪಿನಲ್ಲೇ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದಳು.

"ಏನಮ್ಮಿ ಮಾಡಿದೆ ಅವನ್ಗೆ? ಜಗಳಾಡಿದ್ರಾ?"

"ನಾನೇನ್ ಮಾಡ್ಲಿ ಅತ್ತೆ! ಡಯಟ್ ಅಂತೆ. ದಪ್ಪ ಆಗಿದೀನಿ ಅಂತಾರೆ."

"ಗೊನೆ ಒರೋ ಗಂಡ್ಸು ದಪ್ಪ ಆಗ್ದೆ ಇನ್ನೇನ್ ಆಗ್ಬೇಕು?"

ರಂಜಿನಿ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಅವಳೂ ಏನನ್ನೋ ನುಂಗಿಕೊಂಡ ಹಾಗೆ ಕಂಡಿತು.

ಅದೇ ವಾರ ಮನೆಯ ಯಜಮಾನ ಮಾರಯ್ಯ ಹಿತ್ತಿಲಿಗೆ ಹೋದವನು ಬಿಳಿಚಿಕೊಂಡು ಬಂದ. ಅವನು ಪಂಚಾಯಿತಿಯ ವಾಟರ್‌ಮ್ಯಾನ್. ವಾಲ್ವ್ ತಿರುಗಿಸುವ ಕಬ್ಬಿಣದ ಕೋಲು ಹುಡುಕುತ್ತ ಹಿತ್ತಿಲ ಟಾರ್ಪಾಲು ಎತ್ತಿದ್ದ. ಅಡಿಯಲ್ಲಿ ಪಿಕಪ್ಪಿನ ಹಿಂಬಾಗಿಲು, ಸ್ಟೆಪ್ನಿ ಚಕ್ರ, ಮೇಲಿನ ಕ್ಯಾರಿಯರ್, ಜ್ಯಾಕು, ಸರಪಳಿ ಎಲ್ಲವೂ ಸಾಲಾಗಿ ಮಲಗಿದ್ದವು.

"ಲೇ ಇವ್ಳೆ, ನಿನ್ ಮಗ ಗಾಡಿನ ಬಿಡಿಬಿಡಿಯಾಗಿ ಮಾರ್ತಾವ್ನೆ ಕಣೆ."

ಚಲುವಮ್ಮ ಹೋಗಿ ನೋಡಿದಳು. ಮಗನ ಮೈಯಿಂದ ಮಾಂಸ ಹೋಗುತ್ತಿತ್ತು, ಗಾಡಿಯ ಮೈಯಿಂದ ಕಬ್ಬಿಣ ಹೋಗುತ್ತಿತ್ತು. ಎರಡಕ್ಕೂ ಏನು ಸಂಬಂಧವೆಂದು ಹೊಳೆಯದೆ ಟಾರ್ಪಾಲನ್ನು ಇದ್ದಂತೆಯೇ ಮುಚ್ಚಿದಳು.

ಹತ್ತು ದಿನ ಕಳೆದು ಬಾಳೆ ತೋಟದ ಮಹದೇವಯ್ಯ ಮನೆಯ ಮುಂದೆ ಬೈಕು ನಿಲ್ಲಿಸಿ, ಇಳಿಯದೆಯೇ ಕೂಗಿದ. ಹಿಂಬಾಗಿಲಿಲ್ಲದ ಗಾಡಿಗೆ ರವಿ ಬರೀ ಹಗ್ಗ ಕಟ್ಟಿಕೊಂಡು ಹೋದದ್ದರಿಂದ ಮಹದೇವಯ್ಯನ ಆರು ಗೊನೆ ರಸಬಾಳೆ ಚಿಕ್ಕಯ್ಯನಛತ್ರದ ತಿರುವಿನಲ್ಲಿ ರಸ್ತೆಗೆ ಉರುಳಿದ್ದವಂತೆ. "ಮಾರಯ್ಯ, ನಿನ್ ಮಗನ್ಗೆ ತಲೆ ನೆಟ್ಟಗೈತೋ ಇಲ್ವೋ ಕೇಳು. ಬಾಗ್ಲು ಎಲ್ಲೋ ಅಂದ್ರೆ ಬಾರ ಅಂತಾನೆ! ಗಾಡಿಗೆ ಅದರ ಬಾಗ್ಲೇ ಬಾರ ಆಯ್ತಾ?"

ಚಲುವಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಶನಿವಾರ ಶಾಲೆ ಬೇಗ ಬಿಟ್ಟಿತು. ಬಸ್ಸು ಹತ್ತಿ ನಂಜನಗೂಡಿನ ಬಾಳೆ ಮಂಡಿಗೆ ಹೋದಳು. ಅಲ್ಲಿ ಗೊನೆ ತೂಗುವ ಬೆಟ್ಟಯ್ಯ ಅವಳ ಊರಿನವನೇ. ಅವಳನ್ನು ಕಂಡವನೇ ನಕ್ಕ.

"ಬಾ ಚಲುವಕ್ಕ. ಮಗನ್ಗೇನ್ ಇನ್ನೊಂದ್ ಮದ್ವೆ ಮಾಡ್ತಿದೀಯಾ?"

"ಯಾಕಪ್ಪ?"

"ದಿನಾ ಬಂದೋನೆ ಗೊನೆಗಿಂತ ಮುಂಚೆ ತಾನ್ ತಕ್ಕಡಿ ಮೇಲೆ ನಿಂತ್ಕತಾನೆ. ಚೀಟೀಲಿ ಬರ್ಕತಾನೆ. ತಿಂಗಳ ಕೆಳಗೆ ತೊಂಬತ್ನಾಕು, ಇವತ್ತು ಎಂಬತ್ತೆರಡು. ಕಾಯಾ ಹಣ್ಣಾ ಅಂತ ನಾನೂ ಕೇಳ್ದೆ. ನಗೋಕೂ ತ್ರಾಣ ಇಲ್ಲ ಅವನ್ಗೆ."

ಹನ್ನೆರಡು ಕೆಜಿ. ಶಾಲೆಯಲ್ಲಿ ಒಂದು ದಿನಕ್ಕೆ ಅಳೆದು ಬೇಯಿಸುವ ಅಕ್ಕಿಗಿಂತ ಹೆಚ್ಚು. ಚಲುವಮ್ಮ ಮಂಡಿಯಿಂದ ಸೀದಾ ಔಷಧಿ ಅಂಗಡಿಗೆ ನಡೆದು, ಗಿರಾಕಿಗಳ ಎದುರೇ ಸೊಸೆಯ ಕೈ ಹಿಡಿದಳು.

"ನನ್ ತಮ್ಮನ್ಗೆ ಬಂದಿದ್ದೇ ಬಂದೈತಾ? ಮುಚ್ಚಿಡ್ಬೇಡ. ನಿನ್ ಕಾಲ್ ಕಟ್ಕತೀನಿ ಕಣಮ್ಮಿ."

ರಂಜಿನಿ ಗಾಬರಿಯಾಗಿ ಅವಳನ್ನು ಪಕ್ಕದ ಓಣಿಗೆ ಕರೆದುಕೊಂಡು ಹೋದಳು. "ಕಾಯಿಲೆ ಅಲ್ಲ ಅತ್ತೆ. ರೇಸು."

"ಕುದ್ರೆ ರೇಸಾ? ಮೈಸೂರಿಗೆ ಓಗ್ತಾನಾ?"

"ಅಯ್ಯೋ, ಜೂಜಲ್ಲ. ಗಾಡಿ ರೇಸು. ನಮ್ಮ ಪಿಕಪ್ಪಿಂದೇ. ನರಸೀಪುರದ ಆಚೆ ಹೊಸ ಬಡಾವಣೆ ಆಗಿದೆಯಲ್ಲ, ಅಲ್ಲಿ ರಸ್ತೆ ಮುಚ್ಚಿ ನಡೆಸ್ತಾರೆ. ಪೊಲೀಸರೂ ಇರ್ತಾರೆ. ದೀಪ ಹಸಿರಾದ ತಕ್ಷಣ ನಿಂತ ಗಾಡಿ ಹೊರಡ್ಬೇಕು, ನಾನೂರು ಮೀಟರ್ ದಾಟ್ಬೇಕು. ಎಷ್ಟು ಸೆಕೆಂಡಿಗೆ ದಾಟ್ತು ಅಂತ ಬರ್ಕೊಳ್ತಾರೆ."

"ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೇ."

"ನಾನೂರು ಮೀಟ್ರು ಅಂದ್ರೆ ಎಷ್ಟು?"

"ನಮ್ಮನೆಯಿಂದ ನಿಮ್ಮ ಇಸ್ಕೂಲಿಗೆ."

ಚಲುವಮ್ಮ ಓಣಿಯ ಕಟ್ಟೆಯ ಮೇಲೆ ಕುಸಿದಳು. ಕಾಯಿಲೆಯಲ್ಲ ಎಂದದ್ದಕ್ಕೆ ಜೀವ ಬಂದಂತಾಗಬೇಕಿತ್ತು. ಆದರೆ ಮನೆಯಿಂದ ಶಾಲೆಗೆ ಬೇಗ ಹೋಗುವುದಕ್ಕೋಸ್ಕರ ಒಬ್ಬ ಮನುಷ್ಯ ಅನ್ನ ಬಿಡುತ್ತಾನೆ ಎಂಬುದನ್ನು ಅವಳ ತಲೆ ಯಾವ ಕಡೆಯಿಂದಲೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಮಾತು ಸಿಡಿಯಿತು.

"ಎಲ್ಲಾ ಗೊತ್ತಾಯ್ತು ಕಣ್ಲಾ," ಎಂದ ಮಾರಯ್ಯ. "ಯಾವಾಗ್ನಿಂದ?"

ರವಿ ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆ ನೋಡುತ್ತಿದ್ದಳು. "ಸಂಕ್ರಾಂತಿ ಆದ್ಮೇಲೆ. ಅಲ್ಲಿಗೆ ಶಾಮಿಯಾನದ ಕುರ್ಚಿ ಸಾಗ್ಸಕ್ಕೆ ಓಗಿದ್ದೆ. ಸಾಯಂಕಾಲ ಸುಮ್ನೆ ಒಂದ್ಸಲ ಓಡ್ಸಿ ಅಂದ್ರು. ಇಪ್ಪತ್ಮೂರು ಪಾಯಿಂಟ್ ಎಂಟು ಸೆಕೆಂಡು ಬಂತು. ಮೈಕಲ್ಲಿ ಏನಂದ ಗೊತ್ತಾ? ಬಾಳೆಕಾಯಿ ಹಣ್ಣಾಗೋದ್ರೊಳಗೆ ಗಾಡಿ ಬಂದ್ರೆ ಚಪ್ಪಾಳೆ ತಟ್ಟಿ ಅಂದ. ಸಾವ್ರ ಜನ ನಕ್ರು."

"ನಕ್ಕೊಂಡ್ ಓಗ್ಲಿ."

"ಈಗ ಇಪ್ಪತ್ತು ಪಾಯಿಂಟ್ ಒಂಬತ್ತು ಅಪ್ಪ! ಕ್ಲಚ್ ಬದಲಾಯ್ಸಿದ್ದು, ಹಿಂದಿನ ಟಯರ್ ಗಾಳಿ ಇಳ್ಸಿದ್ದು, ಇಂಜಿನ್ ಕಿರಿಚೋಕ್ ಮುಂಚೆನೇ ಗೇರ್ ಹಾಕೋದ್ ಕಲ್ತಿದ್ದು. ಎಲ್ಲಾ ಪ್ರಸಾದ್ ಹೇಳ್ಕೊಟ್ಟ, ನರಸೀಪುರದ ಮೆಕ್ಯಾನಿಕ್ಕು. ಮುಂದಿನ ತಿಂಗ್ಳು ಡೀಸೆಲ್ ಪಿಕಪ್ಪಿಗೇ ಬೇರೆ ಕ್ಲಾಸು ಇಟ್ಟವ್ರೆ."

"ಒಟ್ಟು ಮೂರು ಸೆಕೆಂಡು ಮಿಗ್ಸಿದೀಯ. ಮೂರು ಸೆಕೆಂಡಲ್ಲಿ ನಾನ್ ಒಂದ್ ನಲ್ಲೀನೂ ತಿರುಗ್ಸಕ್ಕಾಗಲ್ವಲ್ಲೋ."

"ಊಟ ಯಾಕ್ ಬುಟ್ಟೆ, ಅದ್ನೇಳು," ಎಂದಳು ಚಲುವಮ್ಮ.

"ಐವತ್ ಕೆಜಿ ಇಳ್ದ್ರೆ ಎರಡು ಪಾಯಿಂಟ್ ಇಳೀತದೆ ಕಣವ್ವ. ಸೆಕೆಂಡ್ನ ಹತ್ತು ಪಾಲ್ ಮಾಡಿದ್ರೆ ಒಂದ್ ಪಾಲು ಒಂದ್ ಪಾಯಿಂಟು. ಗಾಡೀಲಿ ಬಿಚ್ಚೋದೆಲ್ಲಾ ಬಿಚ್ಚಾಯ್ತು. ಪಕ್ಕದ ಸೀಟು ಬಿಚ್ಚಕ್ಕೆ ಇವ್ಳು ಬುಡ್ಲಿಲ್ಲ. ಇನ್ ಉಳ್ದಿರೋದು ಡ್ರೈವರೇ ಅಂದ ಪ್ರಸಾದ್."

ಮಾರಯ್ಯ ಎಡಗೈಯಲ್ಲಿ ಪೆನ್ನು ತೆಗೆದು ಹಳೆಯ ರಸೀದಿಯೊಂದರ ಹಿಂದೆ ಲೆಕ್ಕ ಹಾಕಿದ. ಎರಡು ಸಲ ಹಾಕಿದ. "ಹನ್ನೆರಡು ಕೆಜಿಗೆ ಅರ್ಧ ಪಾಯಿಂಟೂ ಬರಲ್ವಲ್ಲೋ. ಅರ್ಧ ಪಾಯಿಂಟ್ ಅಂದ್ರೆ ಎಷ್ಟೊತ್ತು?"

"ರೆಪ್ಪೆ ಬಡಿಯೋದ್ರಲ್ಲಿ ಅರ್ಧ ಇರ್ಬೋದು."

ಚಲುವಮ್ಮ ಮಗನ ಮುಖವನ್ನೇ ನೋಡಿದಳು. "ಅರ್ಧ ರೆಪ್ಪೆಗೆ ತಿಂಗ್ಳು ಉಪಾಸ ಬಿದ್ಯಾ?"

ರವಿ ತಟ್ಟೆ ಎತ್ತಿಕೊಂಡು ಎದ್ದುಹೋದ. ಅಂದು ಮಾಡಿದ್ದ ಸಾರು ಹಾಗೇ ಉಳಿಯಿತು.

ಮುಂದಿನ ಬುಧವಾರ ಮಧ್ಯಾಹ್ನ ಮಕ್ಕಳಿಗೆ ಬಡಿಸುತ್ತಿದ್ದಾಗ ಮುಖ್ಯೋಪಾಧ್ಯಾಯಿನಿ ಹೇಮಲತಾ ಮೇಡಂ ಫೋನು ಹಿಡಿದುಕೊಂಡು ಅಡುಗೆಕೋಣೆಗೆ ಓಡಿ ಬಂದರು. "ಚಲುವಮ್ಮ, ನಿಮ್ಮ ಸೊಸೆ. ಗಾಬರಿ ಆಗ್ಬೇಡಿ."

ರವಿ ಮಂಡಿಯಲ್ಲಿ ಗೊನೆ ಹೊತ್ತವನು ಹೊತ್ತಂತೆಯೇ ಬಿದ್ದಿದ್ದ. ಹಣೆ ಒಡೆದು ಮೂರು ಹೊಲಿಗೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ್ದರು. ಅಂಗಿ ಬಿಚ್ಚಿ ಮಲಗಿಸಿದ್ದ ಮಗನ ಹೆಗಲ ಮೂಳೆಗಳನ್ನು ಚಲುವಮ್ಮ ಅಂದೇ ನೋಡಿದ್ದು. ಕರೆದುಕೊಂಡು ಬಂದಿದ್ದ ಬೆಟ್ಟಯ್ಯ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದ: "ಇಲ್ಲಿ ಬಿದ್ದ, ಸರಿ ಓಯ್ತು ಚಲುವಕ್ಕ. ಸ್ಟೇರಿಂಗ್ ಇಡ್ಕೊಂಡಿದ್ದಾಗ ಬಿದ್ದಿದ್ರೆ? ಪಕ್ಕದಲ್ಲಿ ನಿನ್ ಸೊಸೆ ಬೇರೆ ಕೂತಿರ್ತಾಳೆ."

ರಂಜಿನಿ ಆಗ ಅಳಲು ಶುರುಮಾಡಿದಳು. ಡಬ್ಬಿ ಕಟ್ಟಿಕೊಟ್ಟವಳು ತಾನು, ಖಾಲಿ ಡಬ್ಬಿ ವಾಪಸು ಬಂದರೆ ಉಂಡರೆಂದು ನಂಬಿದವಳೂ ತಾನು ಎಂದಳು.

ಮಾರಯ್ಯ ಮಂಚದ ಪಕ್ಕದಲ್ಲೇ ಒಪ್ಪಂದ ಮಾಡಿಸಿದ. ರೇಸಿಗೆ ಇನ್ನು ಮೂರು ವಾರವಿತ್ತು. ಮೂರು ವಾರವೂ ಹೊತ್ತು ಹೊತ್ತಿಗೆ ಅವ್ವನ ಕಣ್ಣೆದುರೇ ಉಣ್ಣಬೇಕು. ಕೆಲಸದ ದಿನ ಗಾಡಿಗೆ ಬಾಗಿಲು ಇರಬೇಕು. ಹಾಗಾದರೆ ಆ ಒಂದು ಭಾನುವಾರ ಹೋಗಿ ಬರಬಹುದು.

"ಆಮೇಲೆ?" ಎಂದಳು ಚಲುವಮ್ಮ.

"ಆಮೇಲಿಂದು ಆಮೇಲೆ," ಎಂದ ರವಿ ಕಣ್ಣು ಮುಚ್ಚಿಕೊಂಡೇ.

ಮೊದಲ ಎರಡು ವಾರ ಉಂಡ. ಚಲುವಮ್ಮ ಎದುರಿಗೆ ಕೂತು ಪ್ರತಿ ತುತ್ತನ್ನೂ ಕಣ್ಣಲ್ಲೇ ಗಂಟಲಿಗಿಳಿಸಿದಳು. ಮೂರನೆಯ ವಾರ ಒಂದು ದಿನ ಸಾರು ಖಾರ ಎಂದ, ಇನ್ನೊಂದು ದಿನ ಹೊಟ್ಟೆ ಉಬ್ಬರ ಎಂದ. ಭಾನುವಾರ ಬೆಳಗಾಗುವ ಮೊದಲೇ ಎದ್ದು ನೋಡಿದರೆ ಗಾಡಿ ಇರಲಿಲ್ಲ. ಟಾರ್ಪಾಲಿನಡಿ ಬಾಗಿಲು, ಚಕ್ರ, ಕ್ಯಾರಿಯರ್ ಮತ್ತೆ ಬಂದು ಮಲಗಿದ್ದವು. ಅವನಿಗೆಂದು ಮುಚ್ಚಿಟ್ಟಿದ್ದ ರೊಟ್ಟಿ ಮುಚ್ಚಿದಂತೆಯೇ ಇತ್ತು.

ಅವಳು ಕೂಗಾಡಲಿಲ್ಲ. ಅನ್ನ ಬಸಿದು, ಕೋಳಿ ಸಾರು ಮಾಡಿ, ನಾಲ್ಕು ಬಟ್ಟಲಿನ ಡಬ್ಬಿಗೆ ತುಂಬಿ, ಗಂಡ ಸೊಸೆಯನ್ನು ಎಬ್ಬಿಸಿದಳು. "ಏಳಿ. ನರಸೀಪುರಕ್ಕೆ ಓಗ್ಬೇಕು."

ಬಡಾವಣೆಯಲ್ಲಿ ಮನೆಗಳೇ ಇರಲಿಲ್ಲ. ನಂಬರು ಬರೆದ ಸೈಟು ಕಲ್ಲುಗಳು, ನಡುವೆ ಹೊಳೆಯುವ ಟಾರು ರಸ್ತೆ, ಹಗ್ಗದ ಆಚೆ ಜನ. ಮೈಕಿನ ಕಿರುಚಾಟ, ಕಪ್ಪು ಹೊಗೆ, ಒಂದು ಆಂಬುಲೆನ್ಸ್. ತೂಕದ ಜಾಗದಲ್ಲಿ ಅವರ ಬಿಳಿ ಪಿಕಪ್ ನಾಲ್ಕು ತೂಕದ ಹಲಗೆಗಳ ಮೇಲೆ ನಿಂತಿತ್ತು. ರವಿ ಒಳಗೆ ಕೂತಿದ್ದ. ಪ್ರಸಾದ್ ಬೆವರುತ್ತ ಹೊರಗೆ ನಿಂತಿದ್ದ. ಟೋಪಿ ಹಾಕಿದ ಸಂಘಟಕನೊಬ್ಬ ತಲೆ ಆಡಿಸುತ್ತಿದ್ದ.

"ಡ್ರೈವರ್ ಸೇರಿ ಸಾವಿರದ ಐನೂರ ತೊಂಬತ್ನಾಕು. ಈ ಕ್ಲಾಸಿಗೆ ಕನಿಷ್ಠ ಸಾವಿರದ ಆರ್ನೂರ ಐವತ್ತು ಇರ್ಬೇಕು. ಐವತ್ತಾರು ಕೆಜಿ ಕಮ್ಮಿ. ಬಿಡಕ್ಕಾಗಲ್ಲ."

ರವಿ ಇಳಿದು ಬಂದ. "ಸಾ, ಜಾಸ್ತಿ ಇದ್ರೆ ದಂಡ ಹಾಕಿ, ಕಟ್ತೀನಿ. ಕಮ್ಮಿ ಇದ್ದದ್ದಕ್ಕಾ?"

ಹನ್ನೊಂದು ವರ್ಷ ಲೋಡು ಹೊಡೆದವನಿಗೆ ತೂಕದ ತಪ್ಪೆಂದರೆ ಒಂದೇ ಗೊತ್ತಿತ್ತು, ಹೆಚ್ಚಾಗುವುದು. ಚೆಕ್‌ಪೋಸ್ಟುಗಳಲ್ಲಿ ಅವನನ್ನು ನಿಲ್ಲಿಸಿದವರೆಲ್ಲ ಅದಕ್ಕೇ ನಿಲ್ಲಿಸಿದ್ದರು. ಕಡಿಮೆಯಾದರೂ ತಪ್ಪು ಎಂಬ ನಿಯಮ ಲೋಕದಲ್ಲಿ ಇರಬಹುದೆಂದು ಅವನಿಗಾಗಲಿ ಪ್ರಸಾದನಿಗಾಗಲಿ ಕನಸಿನಲ್ಲೂ ಹೊಳೆದಿರಲಿಲ್ಲ. ಅರ್ಜಿಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಅದು ಅಚ್ಚಾಗಿತ್ತು. ಇಬ್ಬರೂ ತಿರುಗಿಸಿ ನೋಡಿರಲಿಲ್ಲ. ರಂಜಿನಿ ಈಗ ಓದಿ ಹೇಳಿದಳು.

"ಅಂಗಾದ್ರೆ ನಾನ್ ತಿನ್ಬೋದಿತ್ತಾ?" ಎಂದ ರವಿ. ಅದನ್ನು ಯಾರಿಗೆ ಕೇಳಿದನೋ ಗೊತ್ತಾಗಲಿಲ್ಲ.

"ತಿನ್ಬೋದಿತ್ತು. ಸ್ಟೆಪ್ನೀನೂ ತರ್ಬೋದಿತ್ತು," ಎಂದಳು ರಂಜಿನಿ.

ಚಲುವಮ್ಮ ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದಳು. ಉಪವಾಸ, ಹಣೆಯ ಹೊಲಿಗೆ, ಆಸ್ಪತ್ರೆ, ಎಲ್ಲವೂ ಈ ಹಲಗೆಯ ಮೇಲೆ ತಪ್ಪು ಲೆಕ್ಕವಾಗಿ ನಿಂತಿತ್ತು.

ಮೂಟೆ ಇಡಲೇ ಎಂದು ಪ್ರಸಾದ್ ಕೇಳಿದ. ಮೂಟೆ, ಕಲ್ಲು ಆಗುವುದಿಲ್ಲ, ಜಾರುತ್ತವೆ, ಬೋಲ್ಟ್ ಹಾಕಿ ಕೂರಿಸಿದ ತೂಕ ಬೇಕು ಎಂದ ಸಂಘಟಕ. ಅದಕ್ಕೆ ಹೊತ್ತಿರಲಿಲ್ಲ, ಕಾಲು ಗಂಟೆಗೆ ತೂಕ ಮುಗಿಯುತ್ತಿತ್ತು. ಇಲ್ಲವಾದರೆ ಪಕ್ಕದ ಸೀಟಿನಲ್ಲಿ ಬೆಲ್ಟು, ಹೆಲ್ಮೆಟ್ಟು ಹಾಕಿಕೊಂಡ ಒಬ್ಬರು ಕೂರಬಹುದು ಎಂದ.

ಮಾರಯ್ಯ ಹಲಗೆ ಹತ್ತಿದ. ನಲವತ್ತೊಂಬತ್ತು. ರಂಜಿನಿ ನಲವತ್ತೇಳು. ಪ್ರಸಾದ್ ತೊಂಬತ್ತರ ಮೇಲಿದ್ದ. "ನಾನ್ ಕೂತ್ರೆ ಮೂವತ್ತೈದು ಕೆಜಿ ಜಾಸ್ತಿ ಹೊತ್ಕೊಂಡ್ ಹೋಗ್ಬೇಕಾಗ್ತದೆ," ಎಂದು ತಲೆ ಕೆರೆದುಕೊಂಡ. ಆಮೇಲೆ ಎಲ್ಲರೂ ಚಲುವಮ್ಮನನ್ನು ನೋಡಿದರು.

"ನನ್ನಾ?"

"ಅಮ್ಮ, ಸುಮ್ನೆ ಹಲಗೆ ಮೇಲೆ ನಿಂತ್ಕೊಳ್ಳಿ," ಎಂದ ಸಂಘಟಕ. "ಐವತ್ತೇಳು. ಹೇಳಿ ಮಾಡಿಸ್ದಂಗಿದೆ. ಬಿಪಿ ಇದ್ಯಾ?"

"ಇರ್ಲಿಲ್ಲ. ಈಗ ಬತ್ತದೆ."

ರವಿ ಅವಳ ಮುಂದೆ ಬಂದು ನಿಂತ. "ಬ್ಯಾಡ ಅಂದ್ರೆ ಬ್ಯಾಡ ಕಣವ್ವ. ಮನೆಗೋಗಣ." ಗಾಳಿಗೆ ಅವನ ಅಂಗಿ ಬೇರೆ ಯಾರದೋ ಅಂಗಿಯ ಹಾಗೆ ಮೈಮೇಲೆ ಹಾರಾಡುತ್ತಿತ್ತು. ಬೇಡ ಎನ್ನುವುದಕ್ಕೆ ಬಂದವಳು ಚಲುವಮ್ಮ. ಆದರೆ ಇಷ್ಟು ಬಡಕಲಾದವನನ್ನು ಏನೂ ಇಲ್ಲದೆ ಮನೆಗೆ ಹೇಗೆ ಕರೆದುಕೊಂಡು ಹೋಗುವುದು ಎಂದೂ ಅವಳಿಗೆ ತಿಳಿಯಲಿಲ್ಲ. ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದಳು.

ಹೆಲ್ಮೆಟ್ಟು ಯಾರದೋ ಬೆವರು ನಾರುತ್ತಿತ್ತು. ಹಸಿರು ದೀಪ ಬಿದ್ದಾಗ ಅವಳ ಬೆನ್ನನ್ನು ಯಾರೋ ಹಿಂದಿನಿಂದ ಸೀಟಿಗೆ ಎಳೆದು ಕಟ್ಟಿದಂತಾಯಿತು. ಕಾಲಡಿಯ ತಗಡು ಗಡಗಡ ಎಂದಿತು. ಸೈಟು ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡವು. ಅವಳು ರಸ್ತೆ ನೋಡಲಾರದೆ ಮಗನ ಕೈ ನೋಡಿದಳು. ಗೇರಿನ ಗುಂಡು ಹಿಡಿದ ಆ ಕೈ ನಡುಗುತ್ತಿತ್ತು. ಎರಡರಿಂದ ಮೂರಕ್ಕೆ ಹೋಗುವಾಗ ಗೇರು ಒಂದು ಕ್ಷಣ ಕಿರ್ರೆಂದು ಸಿಕ್ಕಿ ಆಮೇಲೆ ಬಿತ್ತು. ಹದಿನಾರು ವರ್ಷ ಅವಳು ನಡೆದ ದೂರ ಹೀಗೆ ಮುಗಿದುಹೋಯಿತು.

"ಇಪ್ಪತ್ತು ಪಾಯಿಂಟ್ ನಾಕು!" ಪ್ರಸಾದ್ ಕುಣಿಯುತ್ತ ಬಂದ. "ತೂಕ ಜಾಸ್ತಿ ಆದ್ಮೇಲೆ ಟಯರ್ ಸುಮ್ನೆ ತಿರುಗ್ಲಿಲ್ಲ ಗುರು, ನೆಲ ಕಚ್ಕೊಂಡ್ ಹೊರಡ್ತು. ಮೂರ್ನೇ ಸ್ಥಾನ!"

ಚಲುವಮ್ಮ ಹೆಲ್ಮೆಟ್ಟು ತೆಗೆದಳು. "ಬೆಳಿಗ್ಗೆ ಏನ್ಲಾ ತಿಂದೆ?"

ರವಿ ಬಗ್ಗಿ ಟಯರು ಮುಟ್ಟಿ ನೋಡತೊಡಗಿದ. ಪ್ರಸಾದ್ ನೆಲ ನೋಡುತ್ತ ಹೇಳಿದ: "ನೀರೂ ಕುಡ್ದಿಲ್ಲ ಅಮ್ಮ."

ಪ್ರತಿ ಗಾಡಿಗೂ ಎರಡು ಓಟ, ಬೇಗ ಮುಗಿಸಿದ ಓಟವೇ ಲೆಕ್ಕಕ್ಕೆ. ಅಷ್ಟರಲ್ಲಿ ಕೊಳ್ಳೇಗಾಲದ ಕಡೆಯ ಒಂದು ನೀಲಿ ಪಿಕಪ್ಪು ಇಪ್ಪತ್ತು ಪಾಯಿಂಟ್ ಮೂರು ಬಂದು ಅವರನ್ನು ನಾಲ್ಕಕ್ಕೆ ತಳ್ಳಿತು. ಮೈಕಿನಲ್ಲಿ ರವಿಯ ನಂಬರು ಕೂಗಿದರು.

"ಹತ್ತವ್ವ."

"ಉಣ್ಣು."

"ಓಟ ಮುಗುದ್ಮೇಲೆ ಉಣ್ತೀನಿ, ನಿನ್ನಾಣೆ."

"ಈಗ. ಇಲ್ದಿದ್ರೆ ಐವತ್ತೇಳು ಕೆಜಿ ಬೇರೆ ಎಲ್ಲಾದ್ರೂ ಉಡಿಕ್ಕೋ."

ಮೈಕು ಎರಡನೇ ಸಲ ಕೂಗಿತು. ಹಿಂದಿನ ಗಾಡಿಗಳು ಹಾರನ್ ಹೊಡೆದವು. "ಅಮ್ಮಂಗೆ ಐದ್ ನಿಮಿಷ ಕೊಡ್ರಪ್ಪ," ಎಂದು ಮಾರಯ್ಯ ಟೋಪಿಯವನ ಹತ್ತಿರ ಓಡಿದ. ರವಿ ಬಾಗಿಲಿಲ್ಲದ ಗಾಡಿಯ ಹಿಂಬದಿಯಲ್ಲಿ, ಜನರೆಲ್ಲ ನೋಡುತ್ತಿರುವಾಗ, ಕಾಲು ಇಳಿಬಿಟ್ಟು ಕೂತು ಅನ್ನಕ್ಕೆ ಕೋಳಿ ಸಾರು ಕಲಸಿದ. ಮೊದಲ ತುತ್ತುಗಳನ್ನು ಕೋಪದಿಂದ ನುಂಗಿದ. ಎರಡು ಬಟ್ಟಲು ಮುಗಿಸಿ ಕೈ ತೊಳೆದ. ಚಲುವಮ್ಮ ಮಿಕ್ಕ ಎರಡನ್ನೂ ಪ್ರಸಾದನ ಮುಂದೆ ಸರಿಸಿ, ಹೆಲ್ಮೆಟ್ಟು ಹಾಕಿಕೊಂಡು ಹತ್ತಿದಳು.

ಈ ಸಲ ಕೈ ನಡುಗಲಿಲ್ಲ. ಗೇರುಗಳು ಮೆತ್ತಗೆ ಬಿದ್ದವು. ಅವಳಿಗೆ ಎಲ್ಲವೂ ಮೊದಲಿಗಿಂತ ಬೇಗ ಮುಗಿದಂತೆ ಅನ್ನಿಸಿತು.

ಗಾಡಿ ತಿರುಗಿಸಿಕೊಂಡು ಬಂದಾಗ ಮಾರಯ್ಯ ಹಗ್ಗದ ಹತ್ತಿರ ಚೀಟಿ ಹಿಡಿದು ನಿಂತಿದ್ದ. ಓದಲು ಅವನಿಗೆ ಮನಸ್ಸಿರಲಿಲ್ಲ. "ಇಪ್ಪತ್ತು ಪಾಯಿಂಟ್ ಐದು."

ಒಂದು ಪಾಯಿಂಟ್ ಹೆಚ್ಚು. ಮೂರನೆಯ ಸ್ಥಾನ ಮರಳಿ ಸಿಗಲಿಲ್ಲ. ಎರಡು ಓಟದ ನಡುವೆ ಬದಲಾದದ್ದು ಒಂದೇ ಒಂದು, ಅವಳು ಉಣ್ಣಿಸಿದ ಅನ್ನ. ಇನ್ನು ಇವನು ಜನ್ಮದಲ್ಲಿ ತಟ್ಟೆ ಮುಂದೆ ಕೂರುವುದಿಲ್ಲ, ನನ್ನ ಕೈಯಾರೆ ಲೆಕ್ಕ ತೋರಿಸಿಕೊಟ್ಟೆ ಎಂದುಕೊಂಡಳು ಚಲುವಮ್ಮ. ಇಳಿಯಲಾರದೆ ಸೀಟಿನಲ್ಲೇ ಕೂತು ಅವನ ಮುಖ ನೋಡಿದಳು.

ರವಿ ಚೀಟಿಯನ್ನು ಇಸಿದುಕೊಂಡು ಓದಿದ. ಮಡಚಿದ. ಜೇಬಿಗಿಟ್ಟ.

"ಅವ್ವ," ಎಂದ. "ಇನ್ನೇನಾರ ಐತಾ, ಡಬ್ಬೀಲಿ?"

ಚಲುವಮ್ಮನಿಗೆ ಕೇಳಿಸಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. ಹಿಂದಕ್ಕೆ ತಿರುಗಿ ನೋಡಿದರೆ ಪ್ರಸಾದ್ ಕೊನೆಯ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದ. ಇದೊಂದು ಮಾತನ್ನು ಅವಳು ಎಣಿಸಿಯೇ ಇರಲಿಲ್ಲ. ಬೆಲ್ಟು ಬಿಚ್ಚಲು ಹೋದಳು, ಬರಲಿಲ್ಲ.

"ರಂಜಿನೀ," ಎಂದು ಬೆಲ್ಟಿನೊಳಗಿಂದಲೇ ಕೂಗಿದಳು, "ಇಲ್ಲಿ ಓಟ್ಲು ಎಲ್ಲೈತಮ್ಮಿ? ಓಡು!"